ಸೂರ್ಯನ ಲೈನಿಗೆ ಎಲ್.ಸಿ. ಕೊಡುವವರಾರು?

ಲೈನ್‌ಮನ್ ಆಗಿದ್ದವರು ಯಾವ ಊರಿಗೆ ಹೋದರೂ ಮೊದಲು ನೋಡುವುದು ಕಂಬವನ್ನೇ. 2023ರ ಜೂನ್ ತಿಂಗಳಲ್ಲಿ ಮಗನ ಮನೆಗೆಂದು ಅಮೆರಿಕದ ಡೆನ್ವರ್ ನಗರಕ್ಕೆ ಹೋದ ಆ ಹಿರಿಯರೂ ಹಾಗೆಯೇ. ಹಾಸನದ ಕಡೆಯ ಹಳ್ಳಿಗಳಲ್ಲಿ 34 ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. ಬೆಳಗಿನ ತಿರುಗಾಟ ಮುಗಿಸಿ ಬಂದು, "ಇಲ್ಲಿ ನಾಲ್ಕೈದು ಮನೆಗೊಂದು ಪುಟ್ಟ ಟಿ.ಸಿ. ಇಟ್ಟಿದಾರಲ್ಲೋ!" ಎಂದು ವರದಿ ಒಪ್ಪಿಸುವರು. ಕಂಪ್ಯೂಟರಿನ ಮುಂದೆ ಕುಳಿತ ಮಗ ಹೂಂಗುಟ್ಟುವನು. ತಂದೆ ಮಗನ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಆ ಮೌನ ಮುರಿದದ್ದು ಅಂಗಳಕ್ಕೆ ಬಂದ ನಾಲ್ಕು ದೊಡ್ಡ ಪೆಟ್ಟಿಗೆಗಳು. ಮಗ ಹಳೆಯ ಸರಕು ವ್ಯಾನೊಂದನ್ನು ಕೊಂಡು ವಾರದ ಕೊನೆಯ ದಿನಗಳಲ್ಲಿ ಅದನ್ನು ಕ್ಯಾಂಪರ್ ಮಾಡುತ್ತಿದ್ದ. ಕ್ಯಾಂಪರ್ ಎಂದರೆ ಮಲಗಲು ಮಂಚ, ಅಡುಗೆಗೆ ಒಲೆ, ಪುಟ್ಟ ಫ್ರಿಜ್ಜು ಎಲ್ಲವೂ ಇರುವ ಗಾಲಿಯ ಮೇಲಿನ ಮನೆ. ಕಾಡಿನ ಶಿಬಿರ ತಾಣಗಳಲ್ಲಿ ಬಹಳಷ್ಟು ಕಡೆ ಕರೆಂಟು ಇರುವುದಿಲ್ಲ. ಹಾಗಾಗಿ ಚಾವಣಿಯ ಮೇಲೆ ಎರಡು ಸೌರ ಫಲಕ ಕೂರಿಸುವ ಯೋಜನೆ.

ಹದಿಮೂರು ವರ್ಷದ ಮೊಮ್ಮಗಳು ತಾತನಿಗೆ ಒಂದು ಚಿತ್ರ ತೋರಿಸಿದಳು. ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ 'ಸ್ಟೆಲ್ಲಾ ವೀಟಾ' ಎಂಬ ಕ್ಯಾಂಪರ್ ಅದು. 2021ರಲ್ಲಿ ಅವರು ಅದನ್ನು ಬಿಸಿಲಿನ ಶಕ್ತಿಯಿಂದಲೇ ಓಡಿಸಿಕೊಂಡು ಸ್ಪೇನಿನ ದಕ್ಷಿಣ ತುದಿಯ ತಾರಿಫಾವರೆಗೂ ಹೋಗಿದ್ದರು. "ನಮ್ಮ ವ್ಯಾನೂ ಹಾಗೇ ಓಡುತ್ತಾ?" ಎಂದು ತಾತ ಕೇಳಿದರು. "ಇಲ್ಲ ತಾತ, ಇದರಲ್ಲಿ ಫ್ರಿಜ್ಜು, ಲೈಟು, ಫ್ಯಾನು ಮಾತ್ರ" ಎಂದು ಅವಳು ಸ್ವಲ್ಪ ಸಪ್ಪಗಾದಳು.

ಮಗ ಕಾಗದದ ಮೇಲೆ ಲೆಕ್ಕ ಹಾಕಿದ್ದ. ಫ್ರಿಜ್ಜು 45 ವಾಟ್; ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ವಾಟ್‌ಗಂಟೆ. ಫ್ಯಾನು, ದೀಪ, ಫೋನು ಸೇರಿ ಇನ್ನೊಂದು 340. ಒಟ್ಟು 880. ತಲಾ 200 ವಾಟಿನ ಎರಡು ಫಲಕ ಬೇಸಿಗೆಯಲ್ಲಿ ಐದು ಗಂಟೆಯಷ್ಟು ಪೂರ್ಣ ಬಿಸಿಲು ಹೀರಿ, ಕಾಲು ಭಾಗ ನಷ್ಟವಾದರೂ, 1500 ವಾಟ್‌ಗಂಟೆ ಕೊಟ್ಟಾವು. ರಾತ್ರಿಗೆ 12 ವೋಲ್ಟಿನ ಲಿಥಿಯಂ ಬ್ಯಾಟರಿ.

"ಡಿಸೆಂಬರಿನಲ್ಲಿ?" ಎಂದು ತಾತ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಡೆನ್ವರ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಮಧ್ಯಾಹ್ನ 73 ಡಿಗ್ರಿಗೂ ಮೇಲೇರುವ ಸೂರ್ಯ, ಡಿಸೆಂಬರಿನ ಕೊನೆಯಲ್ಲಿ 27 ಡಿಗ್ರಿಗಿಂತ ಮೇಲೇಳುವುದಿಲ್ಲ. ಚಾವಣಿಗೆ ಚಪ್ಪಟೆಯಾಗಿ ಅಂಟಿದ ಫಲಕಕ್ಕೆ ಆಗ ಸಿಗುವುದು ನೇರ ಬಿಸಿಲಿನ ಅರ್ಧಕ್ಕಿಂತ ಕಡಿಮೆ. ನಮ್ಮ ಬೆಂಗಳೂರಿನಲ್ಲಾದರೆ ಅದೇ ದಿನ ಸೂರ್ಯ 53 ಡಿಗ್ರಿಯ ಮೇಲಿರುತ್ತಾನೆ.

ಫಲಕ ಕೂರಿಸುವ ಕೆಲಸದಲ್ಲಿ ತಂದೆಗೆ ತಪ್ಪು ಸಿಗಲಿಲ್ಲ. ಕಬ್ಬಿಣದ ತಗಡಿಗೆ ತೂತು ಕೊರೆದು, ತುಕ್ಕು ಹಿಡಿಯದಂತೆ ಅಂಚಿಗೆ ಬಣ್ಣ ಹಚ್ಚಿ, ಕೋನಾಕಾರದ ಪಟ್ಟಿಗಳನ್ನು ಬೋಲ್ಟಿನಿಂದ ಬಿಗಿದು, ಸುತ್ತ ನೀರು ಸೋರದಂತೆ ಮೇಣದಂಥ ಸೀಲೆಂಟ್ ತುಂಬಿದ್ದ. ಗಂಟೆಗೆ ನೂರು ಕಿಲೋಮೀಟರ್ ಓಡುವಾಗ ಗಾಳಿ ಫಲಕವನ್ನು ಕಿತ್ತೊಯ್ಯಲು ನೋಡುತ್ತದೆ. ಬರೀ ಅಂಟು ನಂಬಬಾರದು ಎಂಬುದು ಅವನ ಮತ. ಫಲಕಕ್ಕೂ ಚಾವಣಿಗೂ ನಡುವೆ ಎರಡು ಬೆರಳಿನಷ್ಟು ಸಂದಿ ಬಿಟ್ಟಿದ್ದ. ಫಲಕ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ, ಅಡಿಯಲ್ಲಿ ಗಾಳಿ ಆಡಬೇಕು. "ಮಂಗಳೂರು ಹೆಂಚಿನ ಮನೆ ಕಟ್ಟಿದೋರೂ ಇದನ್ನೇ ಮಾಡಿದ್ದು" ಎಂದು ತಂದೆ ಮೆಚ್ಚಿಕೊಂಡರು.

ಮುಂದಿನ ಪ್ರಶ್ನೆ, ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸುವುದೋ, ಸಮಾಂತರವಾಗಿಯೋ? ಒಂದೊಂದು ಫಲಕ ದುಡಿಯುವಾಗ ಸುಮಾರು 20 ವೋಲ್ಟು, 10 ಆಂಪಿಯರ್. ಸಮಾಂತರವಾದರೆ 20 ವೋಲ್ಟು, 20 ಆಂಪಿಯರ್. ಸರಣಿಯಾದರೆ 40 ವೋಲ್ಟು, 10 ಆಂಪಿಯರ್. ವಾಟು ಎರಡರಲ್ಲೂ 400. ಮೊಮ್ಮಗಳಿಗೆ ಲೆಕ್ಕ ಕೊಟ್ಟರು. ಹೋಗಿ ಬರುವ ಹತ್ತು ಮೀಟರ್ ತಂತಿಯ ರೋಧ 0.033 ಓಮ್. ಶಾಖವಾಗಿ ಪೋಲಾಗುವ ಶಕ್ತಿ ಎಂದರೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಅವಳ ಉತ್ತರ: ಸರಣಿಯಲ್ಲಿ 3.3 ವಾಟ್, ಸಮಾಂತರದಲ್ಲಿ 13.2 ವಾಟ್. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಕು ಮಡಿ.

"1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಒಯ್ದದ್ದೂ ಈ ಲೆಕ್ಕದ ಮೇಲೇ ಕಣಮ್ಮ. ಸುಮಾರು 147 ಕಿಲೋಮೀಟರ್. ವೋಲ್ಟೇಜ್ ಏರಿಸದಿದ್ದರೆ ದಾರಿಯಲ್ಲೇ ಎಲ್ಲಾ ಕರಗಿಹೋಗ್ತಿತ್ತು" ಎಂದರು ತಾತ. ಮಗ ತಲೆಯೆತ್ತಿ ನೋಡಿದ. ಈ ಸೂತ್ರಕ್ಕೆ ಅವನು ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದಿದ್ದ. ಅಪ್ಪನ ದಿನಗೂಲಿ ಈ ಸೂತ್ರದಲ್ಲೇ ಅಡಗಿತ್ತೆಂಬುದು ಅವನಿಗೆ ಹೊಳೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಮಗ ವ್ಯಾನಿನ ಮೇಲೆ ಹತ್ತಿದ. ನೆಲದಿಂದ ಒಂಬತ್ತು ಅಡಿ ಎತ್ತರ. ಫಲಕಗಳನ್ನು ಆಗಲೇ ಸರಣಿಯಲ್ಲಿ ಜೋಡಿಸಿದ್ದ. ತಂತಿಯ ತುದಿಯ ಕನೆಕ್ಟರು ಚಾವಣಿಯ ರಂಧ್ರದಲ್ಲಿ ತೂರದು, ಅದನ್ನು ಕತ್ತರಿಸಬೇಕಿತ್ತು. ಏಣಿ ಹಿಡಿದು ನಿಂತಿದ್ದ ತಂದೆ ಕೇಳಿದರು: "ಎಲ್.ಸಿ. ತಗೊಂಡಿದೀಯೇನೋ?"

ಮಗ ನಕ್ಕುಬಿಟ್ಟ. ಮೊಮ್ಮಗಳಿಗೆ ಅರ್ಥವಾಗಲಿಲ್ಲ. ಎಲ್.ಸಿ. ಎಂದರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಆ ಲೈನನ್ನು ಬಂದ್ ಮಾಡಿಸಿ ಅನುಮತಿ ಪಡೆಯಬೇಕು. ಕೆಲಸ ಮುಗಿಸಿ ಇಳಿದು, ಪಡೆದವನೇ ಅದನ್ನು ಹಿಂದಿರುಗಿಸುವವರೆಗೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ.

"ಇದಕ್ಕೆ ಸ್ವಿಚ್ಚೇ ಇಲ್ಲ ಅಪ್ಪ. ಸೂರ್ಯನ ಸಬ್‌ಸ್ಟೇಷನ್‌ಗೆ ಫೋನ್ ಮಾಡ್ತೀರಾ?"

"ಅದಕ್ಕೇ ಕೇಳಿದ್ದು. ಬಿಸಿಲು ಬಿದ್ದಷ್ಟು ಹೊತ್ತೂ ಲೈನ್ ಚಾರ್ಜ್ ಆಗೇ ಇರುತ್ತೆ."

ಮೊಮ್ಮಗಳು ಮೀಟರ್ ಕೊಟ್ಟಳು. ಎರಡು ತುದಿಗಳ ನಡುವೆ 46 ವೋಲ್ಟು ತೋರಿಸಿತು. "ಬರೀ 46 ವೋಲ್ಟು. ನಿಮ್ಮ 11 ಕೆ.ವಿ. ಅಲ್ಲ, ನೀವು ಸುಮ್ನಿರಿ" ಎಂದ ಮಗ ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದು ಕತ್ತರಿ ಹಾಕಿದ.

ಚಟ್ ಎಂಬ ಸದ್ದು, ನೀಲಿ ಕಿಡಿ. ಕತ್ತರಿಯ ಬಾಯಿ ಎರಡು ತಂತಿಗಳನ್ನು ಒಂದು ಮಾಡಿತ್ತು. ಮಗ ಬೆಚ್ಚಿ ಹಿಂದಕ್ಕೆ ಸರಿದ, ಕಾಲು ಜಾರಿತು. ಚಾವಣಿಯ ಫ್ಯಾನಿನ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಉಳಿದ. ಕತ್ತರಿ ಬಂದು ತಂದೆಯ ಪಾದದ ಪಕ್ಕ ಬಿತ್ತು.

ತಂದೆ ಬೈಯಲಿಲ್ಲ. "ಬೆಚ್ಚಿ ಬೀಳೋದಕ್ಕೆ ಎಷ್ಟು ವೋಲ್ಟ್ ಬೇಕೋ?" ಎಂದಷ್ಟೇ ಕೇಳಿ ಒಳಗೆ ಹೋದರು. ಊರಿನಿಂದ ಚಳಿಗೆಂದು ತಂದಿದ್ದ ಕರಿ ಕಂಬಳಿಯನ್ನೂ ಒಂದು ದಪ್ಪ ರಜಾಯಿಯನ್ನೂ ಹೊತ್ತು ತಂದರು. ಒಂದೊಂದು ಫಲಕಕ್ಕೆ ಒಂದೊಂದು ಹೊದಿಕೆ, ಅಂಚಿನಲ್ಲೂ ಬೆಳಕು ನುಸುಳದ ಹಾಗೆ. ಮೀಟರಿನ ಅಂಕಿ ಸರಸರನೆ ಇಳಿಯಿತು. "ಇದೇ ಎಲ್.ಸಿ. ಈಗ ಒಂದೊಂದೇ ತಂತಿ ಕತ್ತರಿಸು, ತುದಿಗೆ ಟೇಪ್ ಸುತ್ತು" ಎಂದರು.

ಆ ರಾತ್ರಿ ಊಟವಾದ ಮೇಲೆ ಅವರು ಮಗನಿಗೆ ಎಂದೂ ಹೇಳದ ಮಾತು ಹೇಳಿದರು. ಎಷ್ಟೋ ವರ್ಷಗಳ ಹಿಂದಿನ ಮಳೆಗಾಲ. ಒಂದೇ ದಾರಿಯಲ್ಲಿ ಎರಡು ಫೀಡರು ಹಾದುಹೋಗಿದ್ದವು. ಎಲ್.ಸಿ. ತೆಗೆದುಕೊಂಡದ್ದು ಒಂದಕ್ಕೆ, ಕತ್ತಲಲ್ಲಿ ನಿಂತದ್ದು ಇನ್ನೊಂದರ ಕಂಬದ ಬುಡದಲ್ಲಿ. ಮಳೆ ಜೋರಾಗುವ ಮೊದಲು ಮುಗಿಸಬೇಕೆಂಬ ಆತುರ. ಲೈನನ್ನು ಪರೀಕ್ಷಿಸಿ ಅರ್ತ್ ಮಾಡುವ ಕ್ರಮವನ್ನು ಆ ಒಂದು ದಿನ ಬಿಟ್ಟರು. "ಎಲ್.ಸಿ. ಆಗಿದೆ, ಹತ್ತು" ಎಂದು ಜೊತೆಗಾರನಿಗೆ ಹೇಳಿದವರು ಅವರೇ. ಜೊತೆಗಾರ ಜೀವಂತವಾಗಿ ಇಳಿಯಲಿಲ್ಲ.

"ಆಮೇಲೆ ನಾನು ಯಾರನ್ನೂ ಕೇಳದೆ ಬಿಟ್ಟಿಲ್ಲ ಕಣೋ. ನೀನು ನಗ್ತೀಯ ಅಂತ ಇವತ್ತು ಎರಡನೇ ಸಲ ಕೇಳಲಿಲ್ಲ" ಎಂದರು. ಮಗ ಉತ್ತರ ಕೊಡಲಿಲ್ಲ. ಬಾಲ್ಯದಲ್ಲಿ ಅಪ್ಪ ಮನೆಯ ಬಲ್ಬು ಬದಲಿಸಲೂ ಮೇನ್ ಸ್ವಿಚ್ ತೆಗೆಯುತ್ತಿದ್ದುದನ್ನು ಕಂಡು ತಾನೂ ಅಮ್ಮನೂ ನಗುತ್ತಿದ್ದುದು ಅವನ ನೆನಪಿಗೆ ಬಂದಿರಬೇಕು.

ಭಾನುವಾರ ಕೆಲಸ ನಿಧಾನವಾಗಿ ನಡೆಯಿತು. ಮೊದಲು ಬ್ಯಾಟರಿಯ ಧನ ತುದಿಯ ತೀರ ಹತ್ತಿರ ಫ್ಯೂಸು. ಫಲಕ ಶಾರ್ಟ್ ಆದರೆ ಹತ್ತು ಹನ್ನೊಂದು ಆಂಪಿಯರಿಗೇ ನಿಲ್ಲುತ್ತದೆ. ಆದರೆ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ತಂತಿ ಕೆಂಪಗೆ ಕಾದು ವಾಹನಕ್ಕೇ ಬೆಂಕಿ. ಫಲಕ ಮತ್ತು ಚಾರ್ಜ್ ಕಂಟ್ರೋಲರ್ ನಡುವೆ ಒಂದು ಬ್ರೇಕರ್, ಅದೂ ಡಿ.ಸಿ.ಗೆಂದೇ ಮಾಡಿದ್ದು. ನಮ್ಮ ಮನೆಯ ಎ.ಸಿ. ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಬರುತ್ತದೆ, ಆಗ ಕಿಡಿ ತಾನೇ ಆರಲು ಅವಕಾಶ ಸಿಗುತ್ತದೆ. ಡಿ.ಸಿ.ಗೆ ಆ ಬಿಡುವಿಲ್ಲ. ಹತ್ತಿದ ಕಿಡಿ ಎಳೆದಷ್ಟೂ ಉದ್ದವಾಗುತ್ತದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಬೇಕು, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ.

ಕೊನೆಯಲ್ಲೊಂದು ಅಡ್ಡಿಯನ್ನು ಕಂಡದ್ದು ಮೊಮ್ಮಗಳು. ಫಲಕದ ಬೆನ್ನಿನ ಚೀಟಿಯನ್ನು ಓದಿ, ಚಳಿ ಹೆಚ್ಚಿದಂತೆ ವೋಲ್ಟೇಜ್ ಏರುತ್ತದೆ ಎಂದಳು, ಒಂದು ಡಿಗ್ರಿಗೆ ಸುಮಾರು ನೂರಕ್ಕೆ 0.3ರಷ್ಟು. 25 ಡಿಗ್ರಿಯಲ್ಲಿ ಎರಡೂ ಸೇರಿ 48 ವೋಲ್ಟಾದರೆ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಬೆಳಗಿನಲ್ಲಿ 54 ದಾಟುತ್ತದೆ. ಅಪ್ಪ ತಂದ ಕಂಟ್ರೋಲರ್ ತಾಳುವುದು 50 ಮಾತ್ರ! ಮಗ ಅದನ್ನು ಹಿಂದಿರುಗಿಸಿ 100 ವೋಲ್ಟಿನದನ್ನು ತರಿಸಿದ. ಪ್ರವಾಸ ಒಂದು ವಾರ ಮುಂದೆ ಹೋಯಿತು. ಯಾರೂ ಗೊಣಗಲಿಲ್ಲ.

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಸೌರಕೋಶ ಬಿಸಿಲಿನ ನೂರರಲ್ಲಿ ಆರು ಪಾಲನ್ನಷ್ಟೇ ವಿದ್ಯುತ್ತಾಗಿಸಿತ್ತು. 1958ರಲ್ಲಿ ಅದು ವ್ಯಾನ್‌ಗಾರ್ಡ್-1 ಉಪಗ್ರಹದೊಂದಿಗೆ ಆಕಾಶಕ್ಕೇರಿತು. ಇಂದು ಇಪ್ಪತ್ತಕ್ಕೂ ಹೆಚ್ಚು ಪಾಲು ಕೊಡುವ ಫಲಕ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ, ಜೋಡಿಸುವ ವಿಧಾನ ಫೋನಿನಲ್ಲಿ ಸಿಗುತ್ತದೆ. ಸುಲಭವಾಗಿ ಕೈಗೆ ಬಂದದ್ದು ನಿರಪಾಯಕಾರಿ ಎಂದು ನಂಬುವುದೂ ಅಷ್ಟೇ ಸುಲಭ. ಮನೆಯಲ್ಲೊಬ್ಬರು ಮೂವತ್ತು ವರ್ಷ ದುಡಿದು ಕಲಿತ ಎಚ್ಚರಿಕೆ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ಹಿರಿಯರೂ ಅದನ್ನು ಗದರಿಕೆಯಾಗಿ ಅಲ್ಲ, ಕಾರಣ ಸಹಿತ ಹೇಳಬೇಕು. ಆ ಒಂದು ರಾತ್ರಿಯ ಮಾತನ್ನು ಹತ್ತು ವರ್ಷ ಮೊದಲೇ ಆಡಿದ್ದರೆ, ಶನಿವಾರ ಆ ಕತ್ತರಿ ಬೀಳುತ್ತಿರಲಿಲ್ಲವೇನೋ.

ರಾಕಿ ಪರ್ವತದ ತಪ್ಪಲಲ್ಲಿ ಅವರು ಮೂರು ರಾತ್ರಿ ತಂಗಿದರು. ಫ್ರಿಜ್ಜಿನಲ್ಲಿ ಹೆಪ್ಪು ಹಾಕಿದ ಮೊಸರು ಕೆಡಲಿಲ್ಲ. ಬ್ರೇಕರಿನ ಪೆಟ್ಟಿಗೆಯ ಮೇಲೆ ಮೊಮ್ಮಗಳು ಒಂದು ಚೀಟಿ ಅಂಟಿಸಿದ್ದಳು. ಆಗಷ್ಟೇ ಕಲಿಯುತ್ತಿದ್ದ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಅದರ ಮೇಲೆ ಬರೆದದ್ದು ಇಷ್ಟೇ: "ಎಲ್.ಸಿ. ಆಯಿತಾ?"

ಆಗಸ್ಟ್‌ನಲ್ಲಿ ಹಿರಿಯರು ಊರಿಗೆ ಮರಳಿದರು. ಕಂಬಳಿ ಮಾತ್ರ ಜೊತೆಗೆ ಬರಲಿಲ್ಲ. ಅದು ವ್ಯಾನಿನ ಬೀರುವಿನಲ್ಲಿ, ಉಪಕರಣಗಳ ಪೆಟ್ಟಿಗೆಯ ಮೇಲೆ, ಮಡಿಸಿ ಇಟ್ಟ ಹಾಗೆಯೇ ಇದೆ.