ಕಾಂಪೌಂಡಿನ ಮೇಲಿಟ್ಟ ಅಡ್ವಾನ್ಸು

ತುಮಕೂರಿನ ಶಿರಾ ಗೇಟಿನ ಹಿಂದಿನ ರಸ್ತೆಯೊಂದರಲ್ಲಿ 'ಮನೆ ಬಾಡಿಗೆಗಿದೆ' ಬೋರ್ಡು ಕಂಡಿದ್ದು 2019ರ ಸೆಪ್ಟೆಂಬರಿನಲ್ಲಿ. 'ಟೀಚರಮ್ಮ ಅಂದ್ರೆ ನಮಗೂ ಧೈರ್ಯ' ಅಂದರು ಮನೆ ಯಜಮಾನಿ. ಆಮೇಲೆ, 'ವೆಜ್ಜಾ, ನಾನ್‌ವೆಜ್ಜಾ?' ಆ ಪ್ರಶ್ನೆಯ ಬಾಲ ನನಗೆ ಗೊತ್ತು. 'ಭಾನುವಾರ ಕೋಳಿ ಮಾಡ್ತೀವಿ' ಅಂದೆ. 'ಅದಕ್ಕೇನಂತೆ, ನಾವೂ ತಿಂತೀವಿ' ಎಂದು ನಕ್ಕರು. ಆ ನಗು ನಂಬಿ ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ.

ಆಗ ನಾನು ಶಿಕ್ಷಕರಿಗೆ ಜಾತಿಭೇದದ ಕುರಿತು ತರಬೇತಿ ಕೊಡುತ್ತಿದ್ದೆ. ಟಿಸಿಎಚ್ ಮುಗಿಸಿ ಕೆಲಸಕ್ಕೆ ಸೇರಿ 20 ವರ್ಷ ದಾಟಿತ್ತು. ಸಂವಿಧಾನದ 17ನೇ ವಿಧಿ, 1989ರ ದೌರ್ಜನ್ಯ ತಡೆ ಕಾಯ್ದೆ ಎಂದು ಶುರುಮಾಡಿದರೆ ಮೇಷ್ಟ್ರುಗಳು ತೂಕಡಿಸುತ್ತಾರೆ. ಅದಕ್ಕೇ ಒಂದೊಂದು ಹಾಳೆ ಕೊಟ್ಟು 'ನಿಮ್ಮೂರಿನ ನಕ್ಷೆ ಬರೀರಿ' ಅನ್ನುತ್ತಿದ್ದೆ. ಕೆರೆ, ಅರಳಿಕಟ್ಟೆ, ಹಾಲಿನ ಡೇರಿ, ಗುಡಿ ಎಲ್ಲ ಬರುತ್ತಿದ್ದವು. ನಮ್ಮ ದಲಿತರ ಕೇರಿ ಮಾತ್ರ ಎಷ್ಟೋ ಹಾಳೆಗಳಲ್ಲಿ ಇರುತ್ತಲೇ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಿಲ್ಲ. ನನಗೆ ಭಯವಾಗುತ್ತಿದ್ದದ್ದು ಅದಕ್ಕೇ. ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಎಂಬ ಟೀಚರು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, ಕಣ್ಣಿನ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡಿ ಕೂರಿಸಿ ಭೇದ ಎಂದರೇನೆಂದು ತೋರಿಸಿದರು. ನಮ್ಮಲ್ಲಿ ಟೀಚರಿಗೆ ಆ ಕಷ್ಟವಿಲ್ಲ. ಬಿಸಿಯೂಟದ ಸಾಲಿನಲ್ಲಿ ಮಕ್ಕಳೇ ಬೇರೆಯಾಗಿ ಕೂತದ್ದನ್ನು ನೋಡಿದ್ದೇನೆ.

'ಅದೆಲ್ಲ ಹಳೇ ಕಾಲ ಮೇಡಂ' ಅನ್ನುವವರೊಬ್ಬರು ಪ್ರತಿ ತಂಡದಲ್ಲೂ ಇರುತ್ತಿದ್ದರು. ನಾನು ಮನೆ ನೋಡಿದ ಆ ಸೆಪ್ಟೆಂಬರಿನಲ್ಲೇ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನೇ ದಲಿತರೆಂದು ಒಳಗೆ ಬಿಡಲಿಲ್ಲ. ಪೇಪರು ತೆಗೆದುಕೊಂಡು ಹೋಗಿ ತೋರಿಸಿದೆ. ಅವತ್ತು ಯಾರೂ ಹಳೇ ಕಾಲ ಅನ್ನಲಿಲ್ಲ.

ಬೀಗದ ಕೈ ತರಲು ಹೋದ ಸಂಜೆ ಯಜಮಾನಿ ಗೇಟು ತೆಗೆಯಲಿಲ್ಲ. 'ನಮ್ ಮೈದ್ನ ಬರ್ತಾನಂತೆ, ಮನೆ ಅವನಿಗೇ ಬೇಕಂತೆ ಕಣಮ್ಮ.' ಯಾರೋ ನಮ್ಮ ಜಾತಿ ಹೇಳಿದ್ದಾರೆ, ಅಷ್ಟೆ. ಕೈ ಚಾಚಿದೆ. ನೋಟುಗಳನ್ನು ಕಾಂಪೌಂಡಿನ ಮೇಲಿಟ್ಟು, ಹಾರದಂತೆ ಒಂದು ಹೆಂಚಿನ ಚೂರು ಹೇರಿದರು.

ಬಸ್‌ಸ್ಟಾಪಿನಲ್ಲಿ ಎಣಿಸಿದರೆ ಐನೂರು ಕಮ್ಮಿ. ವಾಪಸ್ ಹೋದೆ. ತರಬೇತಿಯಲ್ಲಿ ಮೈಕೇ ಬೇಡದ ಗಂಟಲು, ಅಲ್ಲಿ ಏಳಲೇ ಇಲ್ಲ. 'ಇನ್ನೈನೂರು ಬರ್ಬೇಕು. ಕೈಗೆ ಕೊಡಿ' ಅಂದೆ.

ಅವರು ಒಳಗಿನಿಂದ ಮೊಮ್ಮಗನನ್ನು ಕರೆದು ಅವನ ಕೈಲಿ ಕೊಡಿಸಿದರು. ಹುಡುಗ ಇನ್ನೂ ಸ್ಕೂಲಿನ ಯೂನಿಫಾರಂ ಬಿಚ್ಚಿರಲಿಲ್ಲ.