ಬೀರುವಿನಲ್ಲಿದ್ದ ಬೈಂಡು

ಕಾದಂಬರಿ ಅಂದರೆ ಗಂಭೀರವಾಗಿರಬೇಕು, ಕೊನೆಯಲ್ಲಿ ಯಾರಾದರೂ ಸಾಯಬೇಕು, ಇಲ್ಲವೇ ಊರು ಉದ್ಧಾರವಾಗಬೇಕು ಎಂದು ಟಿ.ಸಿ.ಎಚ್. ಓದುವಾಗ ನಾವು ನಂಬಿದ್ದೆವು. ಬಿ.ಎ. ಮುಗಿಸುವ ಹೊತ್ತಿಗೆ ಆ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಮಾಂತ್ರಿಕ, ರಾಕ್ಷಸ, ಹಾರುವ ಕುದುರೆ ಇವೆಲ್ಲ ಮಕ್ಕಳಿಗೆ. ನಗೆಬರಹ ಬಸ್ಸಿನಲ್ಲಿ ಹೊತ್ತು ಕಳೆಯಲಿಕ್ಕೆ. ಹೀಗೆ ವಿಂಗಡಣೆ ಮಾಡಿಕೊಂಡೇ ಮಡಕಶಿರಾ ಕಡೆಯ ಕನ್ನಡ ಶಾಲೆಗೆ ಬಂದವರು ನಾವು.

ಶಾಲೆಯ ಬೀರುವಿನಲ್ಲಿ ಒಂದು ದಪ್ಪ ಬೈಂಡು ಇತ್ತು. ನಮಗಿಂತ ಮುಂಚೆ ಇದ್ದ ಮೇಷ್ಟ್ರೊಬ್ಬರು ‘ಚಂದಮಾಮ’ದ ಧಾರಾವಾಹಿ ಪುಟಗಳನ್ನು ತಿಂಗಳು ತಿಂಗಳೂ ಬಿಡಿಸಿಟ್ಟು ಹೊಲಿಸಿದ್ದು. 2009ರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಲೆಕ್ಕದ ಪೀರಿಯಡ್ಡಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದ. ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದೆವು. ನಾಲ್ಕು ದಿನ ಬಾಗಿಲ ಹತ್ತಿರ ಬಂದು ನಿಂತ. “ಸಾ, ಗುಹೇಲಿ ಸಿಕ್ಕಾಕ್ಕೊಂಡಿದ್ನಲ್ಲ, ಅವನು ಆಚೆಗೆ ಬಂದ್ನಾ ಸಾ?” “ಮೊದ್ಲು ಮಗ್ಗಿ ಒಪ್ಪಿಸು” ಅಂದೆವು. ಐದನೇ ದಿನ ಕೇಳಲಿಲ್ಲ. ಜೂನ್ ತಿಂಗಳಲ್ಲಿ ಟಿ.ಸಿ. ತೆಗೆದುಕೊಂಡು ತೆಲುಗು ಮಾಧ್ಯಮಕ್ಕೆ ಹೋದ. ಬೈಂಡು ಕಿತ್ತುಕೊಂಡದ್ದಕ್ಕೇ ಹೋದ ಅಂತ ಹೇಳುವುದಿಲ್ಲ, ಅವನ ಅಣ್ಣಂದಿರೂ ಅಲ್ಲೇ ಓದುತ್ತಿದ್ದರು. ಆದರೂ ಆ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ಗುಹೆಯಲ್ಲಿದ್ದವನು ಆಚೆಗೆ ಬಂದನೋ ಇಲ್ಲವೋ ನಮಗೂ ಗೊತ್ತಿರಲಿಲ್ಲ!

ಹಾಗಾಗಿ ನಾವೇ ಓದಿದೆವು. ಎರಡು ರಾತ್ರಿ ನಿದ್ದೆಗೆಟ್ಟೆವು. ದೋಷಗಳಿಲ್ಲ ಅಂತಲ್ಲ, ರಾಜಕುಮಾರ ಗೆಲ್ಲುತ್ತಾನೆ ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ರಾಜಕುಮಾರಿಗೆ ಕಾಯುವುದು ಬಿಟ್ಟರೆ ಕೆಲಸವೇ ಇಲ್ಲ. ಆದರೆ ಕಣಿವೆ, ದುರ್ಗ, ಸುರಂಗ, ಮಂತ್ರದಂಡ ಇಂಥ ಎಷ್ಟೋ ಪದಗಳನ್ನು ಪಾಠ ಮಾಡದೆಯೇ ಕಲಿಸಿಬಿಡುತ್ತದೆ. ಚಂದಮಾಮ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಅದರ ಮಾಯಾಲೋಕದ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ಬರೆದದ್ದು ತೆಲುಗಿನಲ್ಲಿ. ನಮ್ಮ ಊರಿನ ತೆಲುಗು ಅಜ್ಜಿಯೂ ಕನ್ನಡ ಮೊಮ್ಮಗಳೂ ಒಂದೇ ರಾಕ್ಷಸನಿಗೆ ಹೆದರಿಕೊಂಡು ಬೆಳೆದರು ಅಂದರೆ ಅದಕ್ಕೆ ಅವರೇ ಕಾರಣ.

ಅಂದ ಹಾಗೆ, ನಾವು ಲೆಕ್ಕದ ಪೀರಿಯಡ್ಡಿನಲ್ಲಿ ಪುಸ್ತಕ ಕಿತ್ತುಕೊಂಡೆವಲ್ಲ, 1865ರಲ್ಲಿ ಆಲಿಸಳ ಕಥೆ ಪ್ರಕಟಿಸಿದ ಲೂಯಿ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಲೆಕ್ಕದ ಮೇಷ್ಟ್ರು! ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದವರು ನಾ. ಕಸ್ತೂರಿ. ಆಲಿಸ್ ಅನ್ನುವ ಹೆಸರು ತೆಗೆದು ಪಾಪಚ್ಚಿ ಅಂತಿಟ್ಟದ್ದರಲ್ಲೇ ಅರ್ಧ ಕೆಲಸ ಆಗಿಹೋಗಿದೆ. ಕಸ್ತೂರಿಯವರ ಮನೆಮಾತು ಮಲಯಾಳ. ಪಾಠ ಹೇಳಲು ಮೈಸೂರಿಗೆ ಬಂದು, ಕನ್ನಡ ಕಲಿತು, ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ ‘ಅನರ್ಥಕೋಶ’ ಬರೆಯುವಷ್ಟು ಪಳಗಿದರು. ಕೊನೆಯ ವರ್ಷಗಳನ್ನು ಕಳೆದದ್ದು ಪುಟ್ಟಪರ್ತಿಯಲ್ಲಿ, ಅಂದರೆ 2022ರಿಂದ ನಮ್ಮ ಜಿಲ್ಲಾ ಕೇಂದ್ರವಾಗಿರುವ ಊರಿನಲ್ಲಿ. ಮೂರು ಭಾಷೆಯ ನಡುವೆ ಓಡಾಡುವ ನಮ್ಮ ಮಕ್ಕಳಿಗೆ ಇವರ ಹೆಸರು ಹೇಳುವಾಗ ನಮಗೆ ಸ್ವಲ್ಪ ಜಂಬವೇ ಬರುತ್ತದೆ.

ಮಾಯೆಯ ಕಥೆ ಯಾವ ಭಾಷೆಗೆ ಹೋದರೂ ಬದುಕಿಕೊಳ್ಳುತ್ತದೆ, ನಗೆ ಹಾಗಲ್ಲ. ಒಮ್ಮೆ ತರಗತಿಯಲ್ಲಿ, “ಮರ ಹತ್ತೋ ಅಂದ್ರೆ ಹನ್ನೊಂದು, ಹನ್ನೆರಡು ಅಂದ್ನಂತೆ” ಎಂದೆವು. ಮುಂದಿನ ಎರಡು ಸಾಲು ನಕ್ಕಿತು. ಹಿಂದಿನವರು ನಕ್ಕವರ ಮುಖ ನೋಡಿದರು. ಅವರಿಗೆ ಹತ್ತು ಅಂದರೆ ಪದಿ, ಹತ್ತುವುದು ಅಂದರೆ ಎಕ್ಕುವುದು. ಆಮೇಲೆ ಅದರಲ್ಲೊಬ್ಬ ಎದ್ದು, ತೆಲುಗಿನಲ್ಲಿ ‘ಚೆಪ್ಪು’ ಅಂದರೆ ಹೇಳು, ಚಪ್ಪಲಿ ಎರಡೂ ಅಂತ ತಮಾಷೆ ಮಾಡಿದ. ಆಗ ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ನಾವೂ ನಕ್ಕೆವು. ಆದರೆ ಸಂಜೆ ಸೈಕಲ್ ತುಳಿಯುತ್ತಾ ಯೋಚನೆಗೆ ಬಿದ್ದೆವು. ಪರೀಕ್ಷೆಯಲ್ಲಿ ಕನ್ನಡಕ್ಕೆ ಎಂಬತ್ತು ಅಂಕ ತೆಗೆಯುವವನಿಗೂ ಕನ್ನಡದಲ್ಲಿ ನಗು ಬರುತ್ತಿಲ್ಲ.

ಬೀಚಿಯವರನ್ನು ತರಗತಿಗೆ ಒಯ್ದದ್ದು ಆಮೇಲೆ. ಅವರ ಎಲ್ಲ ಕಾದಂಬರಿಗಳೂ ಮಕ್ಕಳಿಗಲ್ಲ, ಕೆಲವು ಕಡೆ ನಗೆ ನಿಂತು ಉಪದೇಶ ಶುರುವಾಗುತ್ತದೆ ಎಂಬ ತಕರಾರೂ ನಮಗಿದೆ. ಆದರೆ ತಿಂಮ ಬಾಯಿ ತೆರೆದರೆ ಸಾಕು, ಹಿಂದಿನ ಸಾಲು ಮುಂದಕ್ಕೆ ಬರುತ್ತದೆ. ಬೀಚಿ ಹುಟ್ಟಿದ ಹರಪನಹಳ್ಳಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರಕ್ಕೆ ಸೇರಿದ ಆದೋನಿ, ಆಲೂರು, ರಾಯದುರ್ಗಗಳೂ ಅದೇ ಜಿಲ್ಲೆಯವು. ಕನ್ನಡವೆಂದರೆ ಮೂಗು ಮುರಿಯುತ್ತಿದ್ದ ಈ ಮನುಷ್ಯನನ್ನು ಕನ್ನಡಕ್ಕೆ ಎಳೆದು ತಂದದ್ದು ಅ.ನ.ಕೃ. ಅವರ ‘ಸಂಧ್ಯಾರಾಗ’. ವ್ಯಾಕರಣ ಪುಸ್ತಕವಲ್ಲ, ಕಾದಂಬರಿ! ಪೋಷಕರ ಸಭೆಯಲ್ಲಿ “ಕತೆ ಓದಿದ್ರೆ ಮಾರ್ಕ್ಸು ಬತ್ತೈತಾ ಮೇಷ್ಟ್ರೇ?” ಅಂತ ಕೇಳಿದಾಗಲೆಲ್ಲ ನಾವು ಇದನ್ನೇ ಹೇಳುವುದು. ಅವರು ಒಪ್ಪಿ ತಲೆಯಾಡಿಸುತ್ತಾರೋ, ಸಭೆ ಮುಗಿಯಲಿ ಅಂತ ತಲೆಯಾಡಿಸುತ್ತಾರೋ ದೇವರಿಗೇ ಗೊತ್ತು.

ಕಳೆದ ವರ್ಷ ಆ ಹುಡುಗ ಸ್ಟಡಿ ಸರ್ಟಿಫಿಕೇಟಿಗೆ ಬಂದಿದ್ದ. ಈಗ ಟಾಟಾ ಏಸ್ ಓಡಿಸುತ್ತಾನೆ. ರಿಜಿಸ್ಟರ್ ಹುಡುಕಿ, ಸರ್ಟಿಫಿಕೇಟು ಬರೆದು, ಸೀಲು ಒತ್ತಿದ ಮೇಲೆ ಬೀರು ತೆಗೆದು ಬೈಂಡನ್ನು ಅವನ ಮುಂದಿಟ್ಟೆವು. “ಇದು ಇನ್ನೂ ಐತಾ ಸಾ!” ಅಂದ. ಕೂತು ಹಾಳೆ ತಿರುವಿದ. ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಅಕ್ಷರ ಕೂಡಿಸಿ ಓದಿದ, ಒತ್ತಕ್ಷರ ಬಂದಲ್ಲಿ ನಿಂತ.

“ಮರ್ತೋಗೈತೆ ಸಾ. ನಿಧಾನಕ್ಕೆ ಬತ್ತೈತೆ. ಅವನು ಗುಹೆಯಿಂದ ಬಂದ್ನಾ, ನೀವೇ ಹೇಳ್ಬುಡಿ.”

“ಹೇಳಲ್ಲ ಕಣಪ್ಪ, ತಗೊಂಡು ಹೋಗು” ಅಂದೆವು.

ಗಾಡಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ಹೋದ. ಇನ್ನೂ ವಾಪಸ್ ತಂದಿಲ್ಲ. ನಾವೂ ಕೇಳಿಲ್ಲ.