ಕೆಂಪೇಗೌಡರಿಂದ ಕೆಂಪೇಗೌಡರವರೆಗೆ

ನಮ್ಮ ಹೊಸಹಳ್ಳಿಯವರಿಗೆ ಬೆಂಗಳೂರು ಹೊಸದಲ್ಲ. ಕೂಡ್ಲಿಗಿ ತಾಲ್ಲೂಕಿನ ಊರು ನಮ್ಮದು. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಚಿತ್ರದುರ್ಗ, ತುಮಕೂರು ದಾಟಿ ಬೆಳಗಿನ ಕಾಫಿಗೆ ಮೆಜೆಸ್ಟಿಕ್‌ನಲ್ಲಿರುತ್ತೇವೆ. ಆದರೆ ಹೋದ ಬೇಸಿಗೆಯಲ್ಲಿ ನಾನೂ ನನ್ನ ಮನೆಯಾಕೆಯೂ ಬೆಂಗಳೂರಿಗೆ ಬಂದಿಳಿದದ್ದು ಆಕಾಶದಿಂದ. ದೆಹಲಿಯಲ್ಲಿರುವ ಮಗಳು ಮೂರು ತಿಂಗಳು ಮೊದಲೇ ಕಡಿಮೆ ದರದಲ್ಲಿ ವಿಮಾನದ ಟಿಕೆಟ್ ಮಾಡಿಸಿದ್ದಳು. ರಜೆ ಕಳೆಯಲು ಎಂಟನೇ ತರಗತಿಯ ಮೊಮ್ಮಗಳೂ ಜೊತೆಗೆ ಹೊರಟಿದ್ದಳು.

ವಿಮಾನ ಇಳಿದಾಗ ಸಂಜೆ ಏಳೂವರೆ. ಹೊರಬಾಗಿಲಿಗೆ ಬರುವಷ್ಟರಲ್ಲಿ ಮೊಮ್ಮಗಳು ಮೊಬೈಲು ತೆಗೆದಿದ್ದಳು.

‘ತಾತ, ಟ್ಯಾಕ್ಸಿಗೆ 1,450 ರೂಪಾಯಿ ತೋರಿಸ್ತಿದೆ. ಟೋಲ್ ಬೇರೆಯಂತೆ.’

ನಾನು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದೆ. ಹೊಸಹಳ್ಳಿಯಿಂದ ಬೆಂಗಳೂರಿಗೆ ಇಡೀ ರಾತ್ರಿ ಕರೆತರುವ ಸಾದಾ ಬಸ್ಸಿನ ಚಾರ್ಜು ಇದರ ಮೂರನೇ ಒಂದು ಪಾಲೂ ಇಲ್ಲ. ಇಲ್ಲಿಂದ ಮೆಜೆಸ್ಟಿಕ್‌ಗೆ ಇರುವುದು ಸುಮಾರು 35 ಕಿಲೋಮೀಟರು!

‘ಹೋಟೆಲ್ಲು?’ ಎಂದೆ.

‘ಆಸ್ಪತ್ರೆ ಹತ್ತಿರದ್ದು ದಿನಕ್ಕೆ 3,000.’

ಇಲ್ಲಿ ಒಂದು ಮಾತು ಹೇಳಬೇಕು. ನಾವು ನೇರವಾಗಿ ಊರಿಗೆ ಹೋಗದೆ ಬೆಂಗಳೂರಿನಲ್ಲಿ ಉಳಿಯಬೇಕಾಗಿದ್ದದ್ದು ಅಜ್ಜಿಯ ಕಣ್ಣಿಗಾಗಿ. ಎರಡು ವರ್ಷದಿಂದ ಪೊರೆ ಬಂದು ಬಲಗಣ್ಣು ಮಸುಕಾಗಿತ್ತು. ಎಡಗಣ್ಣೂ ಅದರ ಹಾದಿ ಹಿಡಿದಿತ್ತು. ಮರುದಿನ ಪರೀಕ್ಷೆ, ಅದರ ಮರುದಿನ ಶಸ್ತ್ರಚಿಕಿತ್ಸೆ, ಮೂರನೆಯ ದಿನ ಪಟ್ಟಿ ಬಿಚ್ಚಿ ನೋಡುವುದು. ಅಂದರೆ ಮೂರು ರಾತ್ರಿ ಉಳಿಯಬೇಕು. ಪಿಂಚಣಿಯಲ್ಲಿ ಉಳಿಸಿ ಎತ್ತಿಟ್ಟಿದ್ದದ್ದು 25,000. ಆಸ್ಪತ್ರೆಯವರು ಹೇಳಿದ್ದು 16,000.

ಮೊಮ್ಮಗಳು ಬಾಯಿಲೆಕ್ಕದಲ್ಲಿ ಚುರುಕು. ‘ಟ್ಯಾಕ್ಸಿ 1,450, ರೂಮು 9,000, ಆಸ್ಪತ್ರೆ 16,000. ಒಟ್ಟು 26,450. ತಾತ, 1,450 ಕಡಿಮೆ ಬೀಳುತ್ತೆ. ಊಟ, ಊರಿನ ಬಸ್ಸು ಇನ್ನೂ ಸೇರಿಸಿಲ್ಲ.’

ಅಜ್ಜಿ ಚೀಲದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ‘ನೋಡ್ರಿ, ಸುಮ್ನೆ ಊರಿಗೆ ಹೋಗಿಬಿಡೋಣ. ಕಣ್ಣು ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ನೋಡಿದ್ರಾತು’ ಎಂದಳು. ಹೋದ ವರ್ಷವೂ ಇದನ್ನೇ ಅಂದಿದ್ದಳು. ಮಗಳಿಗೆ ಫೋನು ಮಾಡಿದ್ದರೆ ತಕ್ಷಣ ಹಣ ಕಳಿಸುತ್ತಿದ್ದಳು, ನಿಜ. ಆದರೆ ಆಕೆಯ ಮನೆ ಸಾಲದ ಕಂತು ನಮಗೆ ಗೊತ್ತಿತ್ತು. ‘ಫೋನು ಮಾಡಬೇಡ’ ಎಂದು ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡಳು.

ನಾನು ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನು. ದಾರಿ ಹೇಳಿ ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ. ಆ ಹೊಳೆಯುವ ನೆಲದ ಮೇಲೆ ನಿಂತು ಯಾರನ್ನು ಏನು ಕೇಳುವುದೋ ತಿಳಿಯಲಿಲ್ಲ. ಆಗ ಮೊಮ್ಮಗಳು ಒಂದು ಪ್ರಶ್ನೆ ಹಾಕಿದಳು: ‘ತಾತ, ಇಲ್ಲಿ ನೆಲ ಒರೆಸೋರು, ಟ್ರಾಲಿ ತಳ್ಳೋರು ದಿನಾ 1,450 ಕೊಟ್ಟು ಮನೆಗೆ ಹೋಗ್ತಾರಾ?’

ಅದೂ ಹೌದಲ್ಲ! ದುಬಾರಿ ಊರಿನಲ್ಲೂ ಕಡಿಮೆ ಸಂಬಳದವರು ಬದುಕುತ್ತಾರೆ. ಅವರಿಗೊಂದು ದಾರಿ ಇದ್ದೇ ಇರಬೇಕು. ಅದನ್ನು ಅವರನ್ನೇ ಕೇಳಬೇಕು.

ಪಾಳಿ ಮುಗಿಸಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊರಟಿದ್ದ ಹೆಣ್ಣುಮಗಳೊಬ್ಬಳನ್ನು ಅಜ್ಜಿಯೇ ಮಾತಾಡಿಸಿದಳು. ಎರಡು ಮಾತಿಗೇ ಆಕೆ ನಿಂತುಬಿಟ್ಟಳು.

‘ಯಾವೂರಮ್ಮ ನಿಮ್ದು?’

‘ಕೂಡ್ಲಿಗಿ ಹತ್ರ, ಹೊಸಹಳ್ಳಿ.’

‘ಅಯ್ಯೋ, ನಮ್ದು ಹಡಗಲಿ ಕಡೆ!’

ಮಲ್ಲಿಗೆಯ ಹಡಗಲಿ ನಮ್ಮದೇ ಜಿಲ್ಲೆಯ ತಾಲ್ಲೂಕು. ಇನ್ನೇನು ಬೇಕು! ಆಕೆ ನಮ್ಮನ್ನು ಬಸ್ಸು ನಿಲ್ಲುವ ಜಾಗದವರೆಗೆ ಕರೆದೊಯ್ದಳು. ಟರ್ಮಿನಲ್ಲಿನ ಹೊರಗೇ ಬಿಎಂಟಿಸಿಯ ‘ವಾಯುವಜ್ರ’ ಬಸ್ಸುಗಳು ಸಾಲಾಗಿ ನಿಂತಿದ್ದವು. ನಗರದ ಒಂದೊಂದು ದಿಕ್ಕಿಗೆ ಒಂದೊಂದು ನಂಬರು. ನಂಬರಿನ ಮುಂದೆ ‘ಕೆಐಎ’ ಎಂದಿರುತ್ತದೆ. ಮೆಜೆಸ್ಟಿಕ್‌ಗೆ ಕೆಐಎ–9. ‘ನಾವು ಹೈವೇತನಕ ಹೋಗಿ ಸಾದಾ ಬಸ್ ಹಿಡೀತೀವಿ, ಅದು ಇನ್ನೂ ಅಗ್ಗ. ಆದ್ರೆ ಇಷ್ಟು ಸಾಮಾನು, ಈ ಮಂಡಿನೋವು, ಅದೂ ರಾತ್ರಿ... ನಿಮಗೆ ಅದು ಬೇಡ. ಮೆಜೆಸ್ಟಿಕ್‌ನಲ್ಲಿ ಇಳೀರಿ. ರೂಮ್ ಬೇಕಾ ಅಂತ ಯಾರಾದ್ರೂ ಹಿಂದೆ ಬಂದ್ರೆ ಮಾತೇ ಆಡ್ಬೇಡ್ರಿ. ನೀವೇ ಎರಡು ಮೂರು ಕಡೆ ನೋಡಿ ಕೇಳ್ರಿ’ ಎಂದು ಹೇಳಿ, ಅಜ್ಜಿಯ ಚೀಲ ಬಸ್ಸಿಗೆ ಏರಿಸಿಕೊಟ್ಟು ಹೋದಳು.

‘ಬಸ್ಸಿನ ಬೋರ್ಡು ಏನೈತೆ, ಓದೇ’ ಎಂದು ಅಜ್ಜಿ ಮೊಮ್ಮಗಳನ್ನು ಕೇಳಿದಳು. ಅಂಗೈ ಅಗಲದ ಅಕ್ಷರಗಳು ಆಕೆಗೆ ಬರೀ ಬೆಳಕಿನ ಉಂಡೆಯಾಗಿ ಕಂಡಿದ್ದವು.

ಬಸ್ಸಿನಲ್ಲಿ ಒಂದು ತಮಾಷೆಯಾಯಿತು. ಕಂಡಕ್ಟರು ಬಂದಾಗ ಅಜ್ಜಿ ಠೀವಿಯಿಂದ ಆಧಾರ್ ಕಾರ್ಡು ಮುಂದೆ ಹಿಡಿದಳು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಕೂಡ್ಲಿಗಿಗೆ, ಕೊಟ್ಟೂರಿಗೆ ಕಾಸು ಕೊಡದೆ ಓಡಾಡಿ ರೂಢಿ.

‘ಅಮ್ಮ, ಇದು ಎಸಿ ಬಸ್ಸು. ಶಕ್ತಿ ಇಲ್ಲ’ ಎಂದರು ಕಂಡಕ್ಟರು.

‘ನನಗೇ ಶಕ್ತಿ ಇಲ್ಲ ಅಂದ್ಕೊಂಡಿದ್ದೆ, ಇಷ್ಟು ದೊಡ್ಡ ಬಸ್ಸಿಗೂ ಇಲ್ವಾ!’ ಎಂದಳು ಅಜ್ಜಿ. ಸುತ್ತಲಿದ್ದವರೆಲ್ಲ ನಕ್ಕರು.

ತಲೆಗೆ ಮುನ್ನೂರರ ಆಸುಪಾಸು. ಮೂವರಿಗೆ ಒಂಬೈನೂರು. ಮೊಮ್ಮಗಳು ಮತ್ತೆ ಲೆಕ್ಕ ಹಾಕಿದಳು: ‘ತಾತ, ನಾವು ಐದು ಜನ ಇದ್ದಿದ್ರೆ ಟ್ಯಾಕ್ಸಿಗೂ ಬಸ್ಸಿಗೂ ಹೆಚ್ಚುಕಡಿಮೆ ಒಂದೇ ಆಗ್ತಿತ್ತು.’ ಮಕ್ಕಳೇ, ಈ ಲೆಕ್ಕ ನೆನಪಿಡಿ. ಟ್ಯಾಕ್ಸಿಗೆ ಗಾಡಿಯ ಲೆಕ್ಕ, ಬಸ್ಸಿಗೆ ತಲೆಯ ಲೆಕ್ಕ. ಒಬ್ಬರು, ಇಬ್ಬರು, ಮೂವರಿಗೆ ಬಸ್ಸು ಅಗ್ಗ. ಜನ ಹೆಚ್ಚಿದಂತೆ ಉಳಿತಾಯ ಕರಗುತ್ತಾ ಹೋಗುತ್ತದೆ. ಎಷ್ಟು ಮಂದಿ ಎಂದು ಎಣಿಸದೆ ‘ಇದೇ ಅಗ್ಗ’ ಎನ್ನಬಾರದು.

ಬಸ್ಸು ಹೊರಟಿತು. ದೀಪದ ಬೆಳಕಿನಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಕಂಡಿತು. ಅದು ಅನಾವರಣಗೊಂಡದ್ದು 2022ರ ನವೆಂಬರ್ 11ರಂದು. ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ, ಅದಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. ಅದಕ್ಕೂ ಮೊದಲು ವಿಮಾನಗಳು ಊರೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ನಿಲ್ದಾಣ ದೇವನಹಳ್ಳಿಯ ಬಳಿಗೆ ಹೋದದ್ದರಿಂದಲೇ ಊರು ಸೇರುವ ಖರ್ಚು ಇಷ್ಟು ದೊಡ್ಡ ವಿಷಯವಾದದ್ದು. ದೇವನಹಳ್ಳಿ ಟಿಪ್ಪು ಸುಲ್ತಾನ್ ಹುಟ್ಟಿದ ಊರು ಎಂಬುದು ನಿಮಗೆಲ್ಲ ಗೊತ್ತು.

‘ಇದು ಯಾವ ರಸ್ತೆ?’ ಎಂದಳು ಅಜ್ಜಿ.

‘ಬಳ್ಳಾರಿ ರಸ್ತೆ’ ಎಂದೆ.

ಅವಳ ಮುಖ ಅರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ನಮ್ಮ ಕೂಡ್ಲಿಗಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಪರಊರಿನ ಕತ್ತಲಲ್ಲಿ ತವರಿನ ಹೆಸರು ಕೇಳಿದಂತಾಯಿತು. ಸಾದಹಳ್ಳಿಯ ಟೋಲ್ ಗೇಟು ಬಂತು. ಟ್ಯಾಕ್ಸಿಯಾಗಿದ್ದರೆ ನಮ್ಮ ಜೇಬಿಗೆ ಕೈ ಹೋಗಬೇಕಿತ್ತು. ಬಸ್ಸಿನಲ್ಲಿ ನಾವು ಆರಾಮವಾಗಿ ಕೂತೇ ಇದ್ದೆವು. ಆಮೇಲೆ ಕೆಂಪೇಗೌಡರ ಮನೆತನ ಆಳಿದ ಯಲಹಂಕ, ಹೆಬ್ಬಾಳದ ಮೇಲ್ಸೇತುವೆ, ಮೇಖ್ರಿ ವೃತ್ತ. ದಾರಿಯುದ್ದಕ್ಕೂ ಮೆಟ್ರೊ ಕಂಬಗಳು ಎದ್ದು ನಿಂತಿದ್ದವು. ಅದು ವಿಮಾನ ನಿಲ್ದಾಣ ಮುಟ್ಟಿದ ಮೇಲೆ ಈ ಲೆಕ್ಕವೆಲ್ಲ ಬದಲಾದೀತು.

ಮೆಜೆಸ್ಟಿಕ್ ಬಂದಾಗ ಒಂಬತ್ತೂವರೆ. ಅದರ ನಿಜವಾದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಕೆಳಗಿನ ಮೆಟ್ರೊ ನಿಲ್ದಾಣವೂ ನಾಡಪ್ರಭು ಕೆಂಪೇಗೌಡರದೇ. ಹತ್ತಿದ್ದೂ ಕೆಂಪೇಗೌಡ, ಇಳಿದದ್ದೂ ಕೆಂಪೇಗೌಡ! ಅದಕ್ಕೇ ಆಟೊದವರಿಗೆ ‘ಮೆಜೆಸ್ಟಿಕ್’ ಎಂದೇ ಹೇಳಬೇಕು, ಇಲ್ಲದಿದ್ದರೆ ತಬ್ಬಿಬ್ಬು. ಆ ಹೆಸರು ಬಂದದ್ದು ಇಲ್ಲಿದ್ದ ಮೆಜೆಸ್ಟಿಕ್ ಚಿತ್ರಮಂದಿರದಿಂದ. ಬಸ್ಸುಗಳು ನಿಲ್ಲುವ ಈ ನೆಲ ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳ ಎಂದಾಗ ಮೊಮ್ಮಗಳು ಕಾಲ ಕೆಳಗೆ ನೋಡಿಕೊಂಡಳು.

ನನಗೆ 1976 ನೆನಪಾಯಿತು. ಟ್ರೈನಿಂಗ್ ಸೀಟಿಗಾಗಿ ನಾನು ಮೊದಲ ಸಲ ಬೆಂಗಳೂರಿಗೆ ಹೊರಟಾಗ ಅಪ್ಪ ಹೇಳಿದ್ದು ಒಂದೇ ವಿಳಾಸ: ‘ರೈಲ್ವೆ ಸ್ಟೇಷನ್ ಎದುರಿಗೆ ತೋಟದಪ್ಪನ ಛತ್ರ.’ ಗುಬ್ಬಿಯ ವ್ಯಾಪಾರಿ ತೋಟದಪ್ಪನವರು 1903ರಲ್ಲಿ ಕಟ್ಟಿಸಿದ ಧರ್ಮಛತ್ರ ಅದು. ರೈಲಿನಲ್ಲಿ ಬಂದು, ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತ ಹಳ್ಳಿಯವರಿಗೆ ತಲೆಯ ಮೇಲೊಂದು ಸೂರು. ಊರ ಹುಡುಗರಿಗೆ ಅಲ್ಲೇ ಓದುವ ಅನುಕೂಲ. ತಾವು ದುಡಿದದ್ದನ್ನು ಗುರುತಿಲ್ಲದ ಪ್ರಯಾಣಿಕರಿಗೆ ಬಿಟ್ಟುಹೋದ ಆ ಪುಣ್ಯಾತ್ಮರ ಹೆಸರು ಅಲ್ಲಿನ ರಸ್ತೆಗೂ ಇದೆ. ನನ್ನ ಸೀಟು ಸಿಕ್ಕಿದ್ದು ಆ ಛತ್ರದ ಜಗಲಿಯಲ್ಲಿ ಕೂತು ಓದಿದ ಒಂದು ರಾತ್ರಿಯಿಂದ ಎಂದು ಈಗಲೂ ಅನಿಸುತ್ತದೆ.

ಈ ಸಲ ಹೊತ್ತಾಗಿತ್ತು, ಅಜ್ಜಿಯ ಮಂಡಿ ಸೋತಿತ್ತು. ಗಾಂಧಿನಗರದ ಒಳರಸ್ತೆಯಲ್ಲಿ ಲಾಡ್ಜು ಹುಡುಕಿದೆವು. ‘ರೂಮ್ ಬೇಕಾ ಸಾರ್’ ಎಂದು ಇಬ್ಬರು ಹಿಂದೆ ಬಿದ್ದರು. ಹಡಗಲಿಯ ಮಗಳ ಮಾತು ನೆನೆದು ಮುಂದೆ ನಡೆದೆವು. ಮೊದಲನೆಯದರಲ್ಲಿ 1,800. ಎರಡನೆಯದರಲ್ಲಿ 1,200 ಎಂದವರು ತೆರಿಗೆ, ಹೆಚ್ಚುವರಿ ಹಾಸಿಗೆ ಎಂದು ಸೇರಿಸುತ್ತಾ 1,700 ಮಾಡಿದರು. ಮೂರನೆಯದರಲ್ಲಿ ನಾನು ಜಾಣನಾಗಿದ್ದೆ. ‘ಮೂವರಿಗೆ, ಎಲ್ಲ ಸೇರಿ ಒಂದೇ ಮಾತು ಹೇಳಿ’ ಎಂದೆ. ‘1,300’ ಎಂದರು. ಹಣ ಕೊಡುವ ಮೊದಲು ಕೋಣೆ ನೋಡಿದೆವು. ಅಜ್ಜಿ ಹಾಸಿಗೆ ಮುಟ್ಟಿ ನೋಡಿದಳು, ಮೊಮ್ಮಗಳು ನಲ್ಲಿ ತಿರುಗಿಸಿದಳು, ನಾನು ಬಾಗಿಲ ಚಿಲಕ ಪರೀಕ್ಷಿಸಿದೆ. ಮೂವರೂ ಪಾಸು ಮಾಡಿದೆವು.

ಮಲಗುವ ಮುಂಚೆ ಮೊಮ್ಮಗಳು ಪುಸ್ತಕದ ಹಿಂಬದಿಯಲ್ಲಿ ಬರೆದಳು: ಬಸ್ಸು 900, ರೂಮು 3,900, ಆಸ್ಪತ್ರೆ 16,000. ಒಟ್ಟು 20,800. ಉಳಿದದ್ದು 4,200. ಊಟಕ್ಕೆ, ಔಷಧಿಗೆ, ಊರಿನ ಬಸ್ಸಿಗೆ ಧಾರಾಳ ಸಾಕು. ಅಜ್ಜಿ ಏನೂ ಅನ್ನಲಿಲ್ಲ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು: ‘ಹಂಗಾದ್ರೆ ನಾಳೆ ಎಷ್ಟೊತ್ತಿಗೆ ಹೋಗ್ಬೇಕ್ರಿ ಆಸ್ಪತ್ರೆಗೆ?’

ಜೂನ್ ಕೊನೆಗೆ ಮಗಳು ಬಂದಳು, ತಾಯಿ–ಮಗಳನ್ನು ಬೀಳ್ಕೊಡಲು ನಾವೂ ಬೆಂಗಳೂರಿಗೆ ಹೊರಟೆವು. ಈಗ ನಾವು ನಾಲ್ವರು. ಹಾಗಾಗಿ ಮೊದಲೇ ವಿಚಾರಿಸಿಕೊಂಡು ರೈಲು ಹಿಡಿದೆವು. ವಿಮಾನ ನಿಲ್ದಾಣದ ಬಳಿ 2021ರ ಜನವರಿಯಿಂದ ಒಂದು ಪುಟ್ಟ ಹಾಲ್ಟ್ ಸ್ಟೇಷನ್ ಇದೆ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಿಂದ ಅಲ್ಲಿಗೆ ತಲೆಗೆ ಒಂದು ಪ್ಲೇಟು ಇಡ್ಲಿಯ ದುಡ್ಡೂ ಆಗಲಿಲ್ಲ. ಆದರೆ ಗಾಡಿಗಳು ದಿನಕ್ಕೆ ಕೆಲವೇ, ವಾರದ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಸ್ಟೇಷನ್ನಿಂದ ಟರ್ಮಿನಲ್ಲಿಗೆ ಮತ್ತೊಂದು ಬಸ್ಸು ಹತ್ತಬೇಕು. ಹಣ ಉಳಿಯಬೇಕಾದರೆ ಸಮಯ ಕೊಡಬೇಕು. ನಾವು ಮೂರು ಗಂಟೆ ಮೊದಲೇ ಹೋಗಿ, ಹೊರಗಿನ ಬೆಂಚಿನಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಹಿರಿಯರು ಯಾರಾದರೂ ಹೀಗೆ ಹೊರಡುವುದಾದರೆ ನನ್ನದು ಮೂರೇ ಮಾತು. ವಿಮಾನ ಇಳಿಯುವ ಹೊತ್ತಿಗೆ ಯಾವ ಬಸ್ಸು, ಯಾವ ರೈಲು ಇದೆ ಎಂದು ಹೊರಡುವ ಮುನ್ನವೇ ಕೇಳಿಟ್ಟುಕೊಳ್ಳಿ. ಮೈಸೂರಿನಂಥ ಊರಿಗಾದರೆ ಬೆಂಗಳೂರಿನೊಳಗೆ ಹೋಗುವುದೇ ಬೇಡ, ನಿಲ್ದಾಣದಿಂದಲೇ ಕೆಎಸ್‌ಆರ್‌ಟಿಸಿಯ ‘ಫ್ಲೈಬಸ್’ ಇದೆ. ನಡುರಾತ್ರಿ ಇಳಿಯುವುದಾದರೆ, ಮೈಯಲ್ಲಿ ಹುಷಾರಿಲ್ಲದಿದ್ದರೆ, ಲೆಕ್ಕ ನೋಡದೆ ಟ್ಯಾಕ್ಸಿ ಹತ್ತಿ. ಅದು ದುಂದಲ್ಲ. ಉಳಿದಂತೆ, ನಾಚಿಕೆ ಬಿಟ್ಟು ಕೇಳಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅಂದ ಹಾಗೆ, ಆ ಬೆಳಿಗ್ಗೆ ರೈಲು ಹಾಲ್ಟ್ ಸ್ಟೇಷನ್ನಿಗೆ ಬಂದು ನಿಂತಾಗ ನಾನು ಚೀಲ ಇಳಿಸುವ ಗಡಿಬಿಡಿಯಲ್ಲಿದ್ದೆ. ‘ಇಲ್ಲೇನಾ ಇಳಿಯೋದು?’ ಎಂದು ಮೊಮ್ಮಗಳನ್ನು ಕೇಳಿದೆ. ಅವಳಿಗಿಂತ ಮೊದಲೇ ಕಿಟಕಿಯ ಪಕ್ಕದಿಂದ ಉತ್ತರ ಬಂತು. ಅಜ್ಜಿ ಹಳದಿ ಬೋರ್ಡನ್ನು ಒಂದೊಂದೇ ಅಕ್ಷರ ಬಿಡಿಸಿ ಓದುತ್ತಿದ್ದಳು: ‘ಕೆಂ... ಪೇ... ಗೌ... ಡ...’ ಎರಡು ನಿಮಿಷ ನಿಲ್ಲುವ ಗಾಡಿ. ಆದರೂ ಆಕೆ ಪೂರ್ತಿ ಓದಿ ಮುಗಿಸುವವರೆಗೆ ನಾವು ಯಾರೂ ಅವಸರ ಮಾಡಲಿಲ್ಲ.